ಬಿಳಿ ಚೌಕ ಮಾಯವಾದ ಕಥೆ

ದುಂಡಗಿನ ಲಾಂಛನವೊಂದನ್ನು ಅಂತರಜಾಲದ ನೀಲಿ ಪುಟದ ಮೇಲೆ ಇಟ್ಟರೆ ಅದರ ಸುತ್ತಲಿನ ಬಿಳಿ ಚೌಕವೂ ಜತೆಗೇ ಬಂದು ಕೂರುತ್ತದೆ, ಬಣ್ಣದ ಬಟ್ಟೆಗೆ ಬಿಳಿ ತೇಪೆ ಹಾಕಿದ ಹಾಗೆ. ಹಿನ್ನೆಲೆಯನ್ನು ಪಾರದರ್ಶಕವಾಗಿಸಿ ಈ ಚೌಕವನ್ನು ಮಾಯ ಮಾಡುವ ವಿದ್ಯೆ ಬೆಳೆದದ್ದರ ಹಿಂದೆ ಪೇಟೆಂಟ್ ತಕರಾರೊಂದರ ಕಥೆಯಿದೆ.

ಅಮೆರಿಕದ ಕಂಪ್ಯುಸರ್ವ್ ಕಂಪನಿ 1987ರಲ್ಲಿ 'ಜಿಐಎಫ್' ಎಂಬ ಚಿತ್ರ ಮಾದರಿಯನ್ನು ಹೊರತಂದಿತು. ಅದರಲ್ಲಿ ಬಣ್ಣಗಳ ಪಟ್ಟಿ 256ಕ್ಕೆ ಸೀಮಿತ. 1989ರ ಪರಿಷ್ಕೃತ ಆವೃತ್ತಿಯಲ್ಲಿ ಆ ಪಟ್ಟಿಯ ಒಂದು ಬಣ್ಣವನ್ನು 'ಕಾಣದ ಬಣ್ಣ' ಎಂದು ಗುರುತಿಸುವ ಅವಕಾಶ ಬಂತು. ಆದರೆ ಬಿಳಿಯನ್ನು ಗುರುತಿಸಿದರೆ ಹಿನ್ನೆಲೆಯ ಜತೆಗೆ ಕಣ್ಣಿನ ಬಿಳಿಯೂ ಮಾಯವಾಗುತ್ತಿತ್ತು! ಚುಕ್ಕೆಯೊಂದು ಪೂರ್ತಿ ಕಾಣಬೇಕು, ಇಲ್ಲವೇ ಪೂರ್ತಿ ಮರೆಯಾಗಬೇಕು. ಹೀಗಾಗಿ ಅಂಚುಗಳು ಗರಗಸದ ಹಲ್ಲಿನಂತಾಗುತ್ತಿದ್ದವು.

ಇದಕ್ಕಿಂತ ದೊಡ್ಡ ತೊಡಕು ಕಾನೂನಿನದು. ಜಿಐಎಫ್ ಚಿತ್ರಗಳ ಗಾತ್ರವನ್ನು ಕುಗ್ಗಿಸುವ ವಿಧಾನದ ಪೇಟೆಂಟ್ ಯುನಿಸಿಸ್ ಕಂಪನಿಯ ಕೈಯಲ್ಲಿತ್ತು. ಅದನ್ನು ಬಳಸುವ ತಂತ್ರಾಂಶ ತಯಾರಕರು ಶುಲ್ಕ ತೆರಬೇಕೆಂಬ ಪ್ರಕಟಣೆ 1994ರ ಡಿಸೆಂಬರ್ ಕೊನೆಯಲ್ಲಿ ಹೊರಬಿತ್ತು. ಏಳು ವರ್ಷ ಎಲ್ಲರೂ ಓಡಾಡಿದ ದಾರಿಯಲ್ಲಿ ದಿಢೀರನೆ ಸುಂಕದ ಕಟ್ಟೆ ಎದ್ದಂತಾಯಿತು.

ಪ್ರೋಗ್ರಾಮರ್‌ಗಳು ಗೊಣಗುತ್ತ ಕೂರಲಿಲ್ಲ. 1995ರ ಜನವರಿಯಲ್ಲೇ ಥಾಮಸ್ ಬೌಟೆಲ್ ಹೊಸ ಮಾದರಿಯೊಂದರ ಕರಡು ಮುಂದಿಟ್ಟರು. ಹಲವರು ಸೇರಿ ತಿದ್ದಿ ರೂಪಿಸಿದ ಈ 'ಪಿಎನ್‌ಜಿ'ಗೆ 1996ರ ಅಕ್ಟೋಬರ್ 1ರಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್‌ನ ಮಾನ್ಯತೆ ದೊರೆಯಿತು. ಬಳಸಲು ಯಾರಿಗೂ ಶುಲ್ಕ ಕೊಡಬೇಕಿರಲಿಲ್ಲ.

ಇದರಲ್ಲಿ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿಯ ಜತೆಗೆ 'ಆಲ್ಫಾ' ಎಂಬ ನಾಲ್ಕನೆಯ ಅಂಕಿಯನ್ನೂ ಇಡಬಹುದು. ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ 1970ರ ದಶಕದಲ್ಲಿ ರೂಪಿಸಿದ ಕಲ್ಪನೆ ಅದು. ಸಾಮಾನ್ಯವಾಗಿ 0 ಎಂದರೆ ಪೂರ್ತಿ ಪಾರದರ್ಶಕ, 255 ಎಂದರೆ ಪೂರ್ತಿ ಗಟ್ಟಿ; ನಡುವಿನವು ಅರೆಪಾರದರ್ಶಕ. ಅಂಚು ನಯವಾಯಿತು, ತೆಳು ನೆರಳೂ ಸಾಧ್ಯವಾಯಿತು.

ಆದರೂ ಅಡ್ಡಿ ತಪ್ಪಲಿಲ್ಲ. 2001ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಈ ಆಲ್ಫಾವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳದೆ, ಪಾರದರ್ಶಕ ಜಾಗವನ್ನು ಬೂದು ಬಣ್ಣದಲ್ಲಿ ತೋರಿಸುತ್ತಿತ್ತು. 2006ರಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ಅದು ಸರಿಹೋಯಿತು.

ಅಷ್ಟರಲ್ಲಿ, 2003ರ ಜೂನ್‌ನಲ್ಲಿ, ಅಮೆರಿಕದಲ್ಲಿ ಯುನಿಸಿಸ್ ಪೇಟೆಂಟ್‌ನ ಅವಧಿ ಮುಗಿದಿತ್ತು. ಸುಂಕದ ಕಟ್ಟೆ ಹೋಯಿತು. ಅದನ್ನು ತಪ್ಪಿಸಲು ಹಾಕಿಕೊಂಡ ಬಳಸುದಾರಿ ಮಾತ್ರ ಎಲ್ಲರ ಹೆದ್ದಾರಿಯಾಗಿ ಉಳಿಯಿತು.