ಬಾಬಿ ಯಾರ್: ಕಲ್ಲು ನೆಡದ ಜಾಗದಲ್ಲಿ ನೆಟ್ಟ ಕವಿತೆ

ಮೊದಲು ಒಂದು ತಪ್ಪೊಪ್ಪಿಗೆ. ಬಿ.ಇ. ಮೂರನೇ ಸೆಮಿಸ್ಟರಿನಲ್ಲಿದ್ದಾಗ ಬೆಂಗಳೂರಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಎಂಬತ್ತು ರೂಪಾಯಿಗೆ ಹಿಟ್ಲರನ ಆತ್ಮಕಥೆ ಕೊಂಡುಕೊಂಡಿದ್ದೆ. ನಮ್ಮ ಹಾಸ್ಟೆಲಿನಲ್ಲಿ ಆ ಪುಸ್ತಕ ರೂಮಿಂದ ರೂಮಿಗೆ ಓಡಾಡ್ತಿತ್ತು. ಪೂರ್ತಿ ಓದಿದವರು ಯಾರೂ ಇರಲಿಲ್ಲ. ಆದರೆ "ಏನೇ ಹೇಳು ಮಗಾ, ಶಿಸ್ತು ಅಂದ್ರೆ ಅವನದು" ಅನ್ನೋ ಮಾತನ್ನ ಎಲ್ಲರೂ ಆಡಿದ್ದೆವು. ನಾನೂ ಆಡಿದ್ದೇನೆ. ಊರಿನ ಸರ್ಕಾರಿ ಶಾಲೆಯಲ್ಲಿ ನನಗೆ ಎರಡನೇ ಮಹಾಯುದ್ಧ ಅಂದರೆ ಒಂದು ಪಾಠ. ಅರವತ್ತು ಲಕ್ಷ ಯಹೂದಿಗಳ ಕೊಲೆ ಆ ಪಾಠದ ಒಂದು ಸಾಲು, ಬಿಟ್ಟ ಸ್ಥಳ ತುಂಬಿದರೆ ಒಂದು ಮಾರ್ಕು. ಮಾರ್ಕು ಬಂತು, ಮರೆತೂಹೋಯ್ತು.

ಆ ಸಾಲು ನನ್ನ ಪಾಲಿಗೆ ಜೀವಂತವಾಗಿದ್ದು ಎಷ್ಟೋ ವರ್ಷಗಳ ಮೇಲೆ, ಆಫೀಸಿನ ಒಂದು ಕಾಲ್‌ನಲ್ಲಿ. ನಮ್ಮ ಪ್ರಾಜೆಕ್ಟಿನ ಅರ್ಧ ಟೀಮು ಉಕ್ರೇನಿನ ಕೀವ್ ನಗರದಲ್ಲಿತ್ತು. ಸೆಪ್ಟೆಂಬರ್ ಕೊನೆಯ ವಾರ. ರಿಲೀಸಿನ ಗಡಿಬಿಡಿ. ಆ ಕಡೆಯ ಟೆಸ್ಟರ್ ಒಬ್ಬಳು, "29ನೇ ತಾರೀಕು ಬೆಳಗ್ಗೆ ನಾನು ಇರೋದಿಲ್ಲ, ಬಾಬಿ ಯಾರ್‌ಗೆ ಹೂವಿಡೋಕೆ ಹೋಗ್ತೀನಿ" ಅಂದಳು. ಯಾವುದೋ ಗುಡಿಯೋ ಚರ್ಚೋ ಇರಬೇಕು ಅಂದುಕೊಂಡು "ಹಬ್ಬದ ಶುಭಾಶಯ" ಅಂದುಬಿಟ್ಟೆ. ಆ ಕಡೆ ಎರಡು ಕ್ಷಣ ಸದ್ದಿಲ್ಲ. ಆಮೇಲೆ ಅವಳು ಬೇಸರ ತೋರಿಸದೆ, "ಅದು ಹಬ್ಬ ಅಲ್ಲ. ಹುಡುಕಿ ಓದು. ಒಂದು ಕವಿತೆ ಇದೆ, ಅದನ್ನೂ ಓದು" ಅಂದಳು.

ಅವತ್ತು ರಾತ್ರಿ ಶುರುವಾದ ಓದು ಇನ್ನೂ ಮುಗಿದಿಲ್ಲ.

"ಯಾರ್" ಅಂದರೆ ಕೊರಕಲು, ಕಮರಿ. ಬಾಬಿ ಯಾರ್ ಅಂದರೆ ಅಜ್ಜಿಯ ಕೊರಕಲು. ಕೀವ್‌ನ ವಾಯವ್ಯ ಅಂಚಿನಲ್ಲಿದ್ದ ಆಳವಾದ ಮಣ್ಣಿನ ಕಮರಿ ಅದು. 1941ರ ಸೆಪ್ಟೆಂಬರ್ 19ರಂದು ಜರ್ಮನ್ ಸೇನೆ ಕೀವ್ ಹಿಡಿಯಿತು. ಐದು ದಿನ ಕಳೆದ ಮೇಲೆ, ಸೋವಿಯತ್ ಪಡೆ ಹಿಂದೆ ಸರಿಯುವಾಗ ಹುದುಗಿಸಿಟ್ಟಿದ್ದ ಸಿಡಿಮದ್ದುಗಳು ಊರಿನ ನಡುಬೀದಿಯಲ್ಲಿ ಸಿಡಿಯತೊಡಗಿದವು. ಜರ್ಮನ್ನರಿಗೆ ನೆಪ ಸಿಕ್ಕಿತು. ಸೆಪ್ಟೆಂಬರ್ 28ರಂದು ಗೋಡೆಗಳ ಮೇಲೆ ಮೂರು ಭಾಷೆಗಳಲ್ಲಿ ಒಂದು ನೋಟೀಸು: ಕೀವ್ ಮತ್ತು ಸುತ್ತಲಿನ ಎಲ್ಲ ಯಹೂದಿಗಳು ನಾಳೆ ಸೋಮವಾರ ಬೆಳಗ್ಗೆ ಎಂಟಕ್ಕೆ ಸ್ಮಶಾನದ ಹತ್ತಿರದ ಆ ಮೂಲೆಗೆ ಬರಬೇಕು, ಗುರುತಿನ ಕಾಗದ, ಹಣ, ಬೆಲೆಬಾಳುವ ಸಾಮಾನು, ಬೆಚ್ಚನೆಯ ಬಟ್ಟೆ ತರಬೇಕು, ಬರದೇ ಇದ್ದವರಿಗೆ ಗುಂಡು.

ಬೆಚ್ಚನೆಯ ಬಟ್ಟೆ ತನ್ನಿ ಅಂದರೆ ಯಾರು ತಾನೇ ಸಾವು ಅಂದುಕೊಳ್ಳುತ್ತಾರೆ? ರೈಲ್ವೆ ಗೂಡ್ಸ್ ಸ್ಟೇಷನ್ ಕೂಡ ಅಲ್ಲೇ ಹತ್ತಿರ ಇತ್ತು. ಎಲ್ಲಿಗೋ ಸಾಗಿಸುತ್ತಾರೆ ಅಂತಲೇ ಬಹಳ ಜನ ನಂಬಿದರು. ದುಡಿಯುವ ವಯಸ್ಸಿನ ಗಂಡಸರಲ್ಲಿ ಹೆಚ್ಚಿನವರು ಆಗಲೇ ಸೈನ್ಯದಲ್ಲಿದ್ದರು. ಗಂಟುಮೂಟೆ ಹೊತ್ತು ಬಂದವರಲ್ಲಿ ಹೆಂಗಸರು, ಮಕ್ಕಳು, ಮುದುಕರು, ಕಾಯಿಲೆಯವರೇ ಹೆಚ್ಚು. ಮೊದಲು ಸಾಮಾನು ಕಿತ್ತುಕೊಂಡರು, ಆಮೇಲೆ ಬಟ್ಟೆ. ದೊಣ್ಣೆ ಹಿಡಿದ ಸೈನಿಕರ ಎರಡು ಸಾಲಿನ ನಡುವೆ ಓಡಿಸಿ ಕಮರಿಯ ಅಂಚಿಗೆ ತಂದರು. ಎರಡು ದಿನ ಗುಂಡು ಹಾರಿಸಿದರು. ಬದುಕಿ ಬಂದ ಕೆಲವೇ ಮಂದಿಯಲ್ಲಿ ಕೀವ್ ಬೊಂಬೆಯಾಟದ ರಂಗಮಂದಿರದ ನಟಿ ದೀನಾ ಪ್ರೊನಿಚೆವಾ ಒಬ್ಬಳು. ಗುಂಡು ತಗಲುವ ಮೊದಲೇ ಹಾರಿ ಹೆಣಗಳ ಮೇಲೆ ಬಿದ್ದು, ಸತ್ತಂತೆ ಮಲಗಿ, ಮೇಲೆ ಸುರಿದ ಮಣ್ಣನ್ನು ಕತ್ತಲಲ್ಲಿ ಸರಿಸಿಕೊಂಡು ಹತ್ತಿ ಬಂದವಳು. 1946ರಲ್ಲಿ ಕೀವ್‌ನ ನ್ಯಾಯಾಲಯದಲ್ಲಿ ನಿಂತು ಸಾಕ್ಷಿ ಹೇಳಿದಳು.

ಸತ್ತವರು 33,771. ಮೂವತ್ತು ಸಾವಿರ ಚಿಲ್ಲರೆ ಅಲ್ಲ, ಸರಿಯಾಗಿ ಮೂವತ್ತಮೂರು ಸಾವಿರದ ಏಳುನೂರಾ ಎಪ್ಪತ್ತೊಂದು. ಈ ಸಂಖ್ಯೆ ನಮಗೆ ಹೇಗೆ ಗೊತ್ತು? ಕೊಂದವರೇ ಬರೆದಿಟ್ಟರು. ಬರ್ಲಿನ್ನಿನ 1941ರ ಅಕ್ಟೋಬರ್ 2ರ ವರದಿ, ಕ್ರಮಸಂಖ್ಯೆ 101. ನಾನು ದಿನಾ ರಿಪೋರ್ಟು, ಡ್ಯಾಶ್‌ಬೋರ್ಡು, ಎಣಿಕೆ ತಾಳೆ ನೋಡುವ ಕೆಲಸದವನು. ಅಂಕಿ ಕೊನೆಯ ಸ್ಥಾನದವರೆಗೂ ಸರಿಯಾಗಿದ್ದರೆ ನಮಗೆಲ್ಲ ಒಂಥರಾ ಖುಷಿ. ಆ ರಾತ್ರಿ ಕೊನೆಯ ಆ "1" ನೋಡಿ ಹೊಟ್ಟೆ ತೊಳಸಿತು. ಹಾಸ್ಟೆಲಿನಲ್ಲಿ ನಾವು ಹೊಗಳುತ್ತಿದ್ದ ಶಿಸ್ತು ಇದೇ ಅಲ್ವಾ? ಕೊಂದ ತಂಡದ ಮುಖ್ಯಸ್ಥ ಪಾಲ್ ಬ್ಲೋಬೆಲ್ ವೃತ್ತಿಯಿಂದ ಆರ್ಕಿಟೆಕ್ಟು. ಅವನ ಮೇಲಧಿಕಾರಿ ಒಟ್ಟೊ ರಾಶ್‌ಗೆ ಒಂದಲ್ಲ, ಎರಡು ಡಾಕ್ಟರೇಟು. ಓದು ಬರಹ ಇಲ್ಲದವರ ಕೆಲಸ ಅಲ್ಲ ಇದು.

ಎಣಿಸಿದರು, ಆದರೆ ಹೆಸರು ಬರೆಯಲಿಲ್ಲ. ಎರಡು ವರ್ಷದ ನಂತರ ಯುದ್ಧ ಸೋಲುವ ಸೂಚನೆ ಕಂಡಾಗ ಅದೇ ಬ್ಲೋಬೆಲ್ ಕುರುಹು ಅಳಿಸುವ ಹೊಣೆ ಹೊತ್ತ. ಪಕ್ಕದ ಸಿರೆತ್ಸ್ ಶಿಬಿರದ ಕೈದಿಗಳಿಂದಲೇ ಹೆಣ ಅಗೆಸಿ ಸುಡಿಸಿದರು. ಅಷ್ಟರಲ್ಲಿ ಅದೇ ಕಮರಿಯಲ್ಲಿ ರೋಮಾ ಜನಾಂಗದವರು, ಸೋವಿಯತ್ ಯುದ್ಧಕೈದಿಗಳು, ಮಾನಸಿಕ ಆಸ್ಪತ್ರೆಯ ರೋಗಿಗಳು, ಉಕ್ರೇನಿನ ರಾಷ್ಟ್ರೀಯವಾದಿಗಳು ಕೂಡ ಬಿದ್ದಿದ್ದರು. ಒಟ್ಟು ಸುಮಾರು ಒಂದು ಲಕ್ಷ ಅನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು.

ಜರ್ಮನ್ನರು ಸೋತು ಹೋದರು. ಈಗಾದರೂ ಸತ್ತವರಿಗೆ ಒಂದು ಕಲ್ಲು ನೆಡಬಹುದಿತ್ತು ಅಂತ ನೀವು ಅಂದುಕೊಳ್ಳುತ್ತೀರಿ. ಆಗಲಿಲ್ಲ. ಸೋವಿಯತ್ ಸರ್ಕಾರದ ತನಿಖಾ ವರದಿ 1944ರಲ್ಲಿ ಹೊರಬಂದಾಗ, ಕರಡಿನಲ್ಲಿದ್ದ "ಯಹೂದಿಗಳು" ಅನ್ನುವ ಮಾತು ಹೋಗಿ "ಶಾಂತಿಪ್ರಿಯ ಸೋವಿಯತ್ ನಾಗರಿಕರು" ಬಂದಿತ್ತು. ಸುಳ್ಳೇನಲ್ಲ, ಸತ್ತವರೆಲ್ಲ ನಾಗರಿಕರೇ. ಆದರೆ ಸೆಪ್ಟೆಂಬರ್ 29ರಂದು ಅವರನ್ನು ಕರೆದದ್ದು ನಾಗರಿಕರು ಅಂತಲ್ಲ, ಯಹೂದಿಗಳು ಅಂತ. ಯಾಕೆ ಸತ್ತರು ಅನ್ನೋದನ್ನ ತೆಗೆದುಹಾಕಿ ಸತ್ತರು ಅಂತಷ್ಟೇ ಹೇಳಿದರೆ ಅದು ನೆನಪಲ್ಲ, ಅರ್ಧ ಮರೆವು.

ಈ ಮರೆವಿಗೆ ಮೊದಲು ಅಡ್ಡ ನಿಂತವರು ಕವಿಗಳು. ಕೀವ್‌ನಲ್ಲೇ ಹುಟ್ಟಿದ ಲೇವ್ ಒಜೆರೊವ್, ಹಾಗೆಯೇ ಇಲ್ಯಾ ಎರೆನ್‌ಬರ್ಗ್, ಇಬ್ಬರೂ ನಲವತ್ತರ ದಶಕದಲ್ಲೇ ಬಾಬಿ ಯಾರ್ ಬಗ್ಗೆ ಕವಿತೆ ಬರೆದು ಪ್ರಕಟಿಸಿದರು. ಎರೆನ್‌ಬರ್ಗ್ ಮತ್ತು ವಾಸಿಲಿ ಗ್ರೋಸ್ಮನ್ ಸೇರಿ ಹತ್ಯೆಗಳ ದಾಖಲೆಗಳನ್ನೆಲ್ಲ ಒಟ್ಟುಮಾಡಿ "ಕಪ್ಪು ಪುಸ್ತಕ" ಸಿದ್ಧಪಡಿಸಿದ್ದರು. ಅದರಲ್ಲಿ ಕೀವ್ ಭಾಗ ಸಿದ್ಧಪಡಿಸಿದವರು ಇದೇ ಒಜೆರೊವ್. ಮುದ್ರಣಕ್ಕೆ ಜೋಡಿಸಿಟ್ಟಿದ್ದ ಅಚ್ಚುಮೊಳೆಗಳನ್ನು 1948ರಲ್ಲಿ ಒಡೆದುಹಾಕಿಸಿದರು. ಆಮೇಲಿನದು ಇನ್ನೂ ಕ್ರೂರ. 1952ರ ಆಗಸ್ಟ್ 12ರಂದು ಸ್ಟಾಲಿನ್ ಸರ್ಕಾರ ಮಾಸ್ಕೋದಲ್ಲಿ 13 ಜನ ಯಹೂದಿಗಳನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಪೆರೆತ್ಸ್ ಮಾರ್ಕಿಶ್, ಲೈಬ್ ಕ್ವಿಟ್ಕೊ, ಡೇವಿಡ್ ಹಾಫ್‌ಶ್ಟೈನ್‌ರಂತಹ ಯಿಡ್ಡಿಶ್ ಕವಿಗಳಿದ್ದರು. ಅಂದರೆ ಸತ್ತವರ ಮಾತೃಭಾಷೆಯಲ್ಲೇ ಸತ್ತವರಿಗಾಗಿ ಅಳಬಲ್ಲವರನ್ನೂ ಮುಗಿಸಿದ ಹಾಗಾಯ್ತು.

ಮುಂದಿನದು ಕಮರಿಯ ಸರದಿ. ಐವತ್ತರ ದಶಕದಲ್ಲಿ ಬಾಬಿ ಯಾರನ್ನೇ ಮುಚ್ಚಿಬಿಡಲು ಹೊರಟರು. ಅಡ್ಡಲಾಗಿ ಒಡ್ಡು ಕಟ್ಟಿ, ಹತ್ತಿರದ ಇಟ್ಟಿಗೆ ಕಾರ್ಖಾನೆಗಳ ಮಣ್ಣುನೀರನ್ನು ಪಂಪಿನಿಂದ ಒಳಗೆ ಬಿಟ್ಟರು. ಮಣ್ಣು ತಳಕ್ಕೆ ಕೂತು ಕಮರಿ ತುಂಬಲಿ, ಮೇಲೆ ಪಾರ್ಕು, ಸ್ಟೇಡಿಯಂ ಮಾಡೋಣ ಅನ್ನುವ ಯೋಜನೆ. 1959ರಲ್ಲಿ ಕಾದಂಬರಿಕಾರ ವಿಕ್ಟರ್ ನೆಕ್ರಾಸೊವ್ ಪತ್ರಿಕೆಯಲ್ಲಿ ಕೇಳಿದ: ಇಷ್ಟು ದೊಡ್ಡ ದುರಂತ ನಡೆದ ಜಾಗದಲ್ಲಿ ಆಟದ ಮೈದಾನ ಮಾಡುವ ಯೋಚನೆ ಯಾರ ತಲೆಗೆ ಬಂತು? ಉತ್ತರ ಬರಲಿಲ್ಲ, ಪಂಪು ನಿಲ್ಲಲಿಲ್ಲ.

ಕೆರೆ ಏರಿ ಮೇಲೆ ಓಡಾಡಿ ಬೆಳೆದ ನನ್ನಂಥವನಿಗೆ ಇದರ ಗತಿ ಏನಾಗುತ್ತದೆ ಅಂತ ವಿವರಿಸಬೇಕಿಲ್ಲ. ನೀರು ಆಚೆ ಹೋಗೋಕೆ ಸರಿಯಾದ ದಾರಿ ಇಲ್ಲದ ಏರಿ ಎಷ್ಟು ದಿನ ನಿಲ್ಲುತ್ತದೆ? 1961ರ ಮಾರ್ಚ್ 13ರ ಬೆಳಗ್ಗೆ ಒಡ್ಡು ಒಡೆಯಿತು. ಕೆಸರಿನ ಅಲೆ ತಗ್ಗಿನಲ್ಲಿದ್ದ ಕುರೆನಿವ್ಕಾ ಬಡಾವಣೆಯ ಮೇಲೆ ನುಗ್ಗಿ ಮನೆ, ಟ್ರಾಮು, ಮನುಷ್ಯರನ್ನೆಲ್ಲ ಹೂತುಹಾಕಿತು. ಸರ್ಕಾರದ ಲೆಕ್ಕ 145 ಸಾವು. ಆಮೇಲಿನ ಅಂದಾಜುಗಳು ಸಾವಿರವನ್ನೂ ದಾಟುತ್ತವೆ. ಇಷ್ಟಾದರೂ ಕಮರಿ ತುಂಬುವ ಕೆಲಸ ಮುಂದುವರಿಯಿತು.

ಅದೇ ವರ್ಷದ ಆಗಸ್ಟಿನಲ್ಲಿ ಸೈಬೀರಿಯಾದ ಜಿಮಾ ಅನ್ನುವ ಸಣ್ಣ ಊರಿನ ಕಡೆಯ ಯುವಕವಿ ಯೆವ್ಗೆನಿ ಯೆವ್ತುಶೆಂಕೊ ಕೀವ್‌ಗೆ ಬಂದ. ಇನ್ನೂ ಮೂವತ್ತು ತುಂಬದವನು. ಯಹೂದಿ ಅಲ್ಲ. ಅವನನ್ನು ಬಾಬಿ ಯಾರ್‌ಗೆ ಕರೆದುಕೊಂಡು ಹೋದವನು ಅನತೋಲಿ ಕುಜ್ನೆತ್ಸೊವ್, ಅದೇ ಕುರೆನಿವ್ಕಾದಲ್ಲಿ ಬೆಳೆದವನು. 1941ರಲ್ಲಿ ಹನ್ನೆರಡು ವರ್ಷದ ಹುಡುಗನಾಗಿ ಆ ಗುಂಡಿನ ಸದ್ದನ್ನು ಕಿವಿಯಾರೆ ಕೇಳಿದ್ದವನು. ಸ್ಮಾರಕ ಇಲ್ಲ ಅನ್ನೋದು ಯೆವ್ತುಶೆಂಕೊಗೆ ಗೊತ್ತಿತ್ತು. ಆದರೆ ಲಾರಿಗಳು ಬಂದು ಅಲ್ಲಿ ಕಸ ಸುರಿದು ಹೋಗುತ್ತಿದ್ದುದನ್ನು ಕಂಡು ನಾಚಿಕೆಯಾಯಿತು ಅಂತ ಆಮೇಲೆ ಹೇಳಿಕೊಂಡಿದ್ದಾನೆ. ಹೋಟೆಲಿಗೆ ವಾಪಸ್ ಬಂದು ಕೆಲವೇ ಗಂಟೆಗಳಲ್ಲಿ ಬರೆದದ್ದು "ಬಾಬಿ ಯಾರ್".

ಕವಿತೆ ಬರೆಯೋದು ಒಂದು, ಅಚ್ಚು ಹಾಕೋದು ಇನ್ನೊಂದು. "ಲಿತೆರಾತುರ್ನಾಯಾ ಗಜೆತಾ"ದ ಸಂಪಾದಕ ವಲೇರಿ ಕೊಸೊಲಾಪೊವ್ ಓದಿ ನೋಡಿ, ಮೊದಲು ಹೆಂಡತಿಯನ್ನು ಒಂದು ಮಾತು ಕೇಳಬೇಕು ಅಂದನಂತೆ. ಯಾಕೆಂದರೆ ಇದನ್ನು ಹಾಕಿದರೆ ಕೆಲಸ ಹೋಗುವುದು ಖಾತ್ರಿ. ಹೆಂಡತಿ ಒಪ್ಪಿದಳು. 1961ರ ಸೆಪ್ಟೆಂಬರ್ 19ರಂದು ಕವಿತೆ ಬಂತು. ಅವನ ಕೆಲಸವೂ ಹೋಯಿತು. ಈ ಕಥೆಯಲ್ಲಿ ನನಗೆ ಕವಿಗಿಂತ ಒಂದು ಕೈ ಹೆಚ್ಚು ಇಷ್ಟವಾಗೋದು ಈ ಗಂಡ ಹೆಂಡತಿ. ನಮ್ಮ ಹಾಗೆ ತಿಂಗಳ ಸಂಬಳ ನಂಬಿಕೊಂಡವರು ಅವರು.

ಬೈಗುಳ ತಕ್ಷಣ ಶುರುವಾಯಿತು. ಬರೀ ಯಹೂದಿಗಳ ಸಾವೇ ಯಾಕೆ, ನೀನು ರಷ್ಯನ್ನನೇ ಅಲ್ಲವೇ ಅಂತ ಬೇರೆ ಪತ್ರಿಕೆಯಲ್ಲಿ ಎದುರು ಪದ್ಯವೇ ಬಂತು. 1963ರಲ್ಲಿ ಕ್ರುಶ್ಚೇವ್ ಸಾರ್ವಜನಿಕವಾಗಿ ಟೀಕಿಸಿದ. ಅಷ್ಟರಲ್ಲಿ ಕವಿತೆ ಕೈಬರಹದಲ್ಲಿ, ಬಾಯಿಂದ ಬಾಯಿಗೆ ದೇಶ ಸುತ್ತಿತ್ತು. ಸಂಗೀತಕಾರ ಶೊಸ್ತಕೋವಿಚ್ ಅದನ್ನು ತನ್ನ 13ನೇ ಸಿಂಫನಿಯ ಮೊದಲ ಭಾಗ ಮಾಡಿಕೊಂಡ. 1962ರ ಡಿಸೆಂಬರ್ 18ರಂದು ಮಾಸ್ಕೋದಲ್ಲಿ ಮೊದಲ ಪ್ರದರ್ಶನ. ಹಾಡಬೇಕಿದ್ದ ಗಾಯಕ ಕೊನೇ ಗಳಿಗೆಯಲ್ಲಿ ಹಿಂದೆ ಸರಿದ, ಇನ್ನೊಬ್ಬ ನಿಂತು ಹಾಡಿದ. ಆದರೆ ಪ್ರದರ್ಶನ ಮುಂದುವರಿಯಬೇಕಾದರೆ ಸಾಲು ಬದಲಿಸಿ ಅನ್ನುವ ಒತ್ತಡ ಬಂದಾಗ ಯೆವ್ತುಶೆಂಕೊ ಮಣಿದ. ರಷ್ಯನ್ನರು, ಉಕ್ರೇನಿಯನ್ನರೂ ಅಲ್ಲಿ ಮಲಗಿದ್ದಾರೆ ಅನ್ನುವ ಅರ್ಥದ ಸಾಲುಗಳನ್ನು ಹಾಡಿಗೆ ಸೇರಿಸಿಕೊಟ್ಟ. ಅದನ್ನು ಓದಿ ನನಗೆ ಮೊದಲು ಸಿಟ್ಟು ಬಂತು. ಆಮೇಲೆ, ಮ್ಯಾನೇಜರ್ ಕಣ್ಣು ಬಿಟ್ಟರೆ ಮೇಲ್‌ನ ವಾಕ್ಯ ತಿದ್ದುವ ನಾನು ಅವನ ಮೇಲೆ ಸಿಟ್ಟಾಗೋದು ಎಷ್ಟು ಸರಿ ಅನ್ನಿಸಿತು.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ಈ ಕವಿತೆಯನ್ನು ಜರ್ಮನ್ ಭಾಷೆಗೆ ತಂದವನು ಪಾಲ್ ಸೆಲಾನ್. ಇಂದು ಉಕ್ರೇನಿನಲ್ಲಿರುವ ಚೆರ್ನಿವ್ತ್ಸಿ ಊರಲ್ಲಿ ಹುಟ್ಟಿದ ಯಹೂದಿ ಕವಿ. ಅಪ್ಪ ಅಮ್ಮ ಇಬ್ಬರನ್ನೂ ಸಾಗಿಸಿದ ಶಿಬಿರದಲ್ಲಿ ಕಳಕೊಂಡವನು. ಅಮ್ಮ ಸತ್ತದ್ದು ಗುಂಡಿಗೆ. ಅವನಿಗೆ ಜರ್ಮನ್ ಅಂದರೆ ಅಮ್ಮ ಕಲಿಸಿದ ಭಾಷೆ, ಅಮ್ಮನನ್ನು ಕೊಂದವರದ್ದೂ ಅದೇ ಭಾಷೆ. ವರದಿ 101 ಇರುವ ಭಾಷೆಯಲ್ಲೇ "ಬಾಬಿ ಯಾರ್" ಕೂಡ ಇರುವಂತೆ ಮಾಡಿದ.

ಹಾಗಂತ ಕವಿತೆ ಎಲ್ಲವನ್ನೂ ಮಾಡಿತು ಅನ್ನಲಾರೆ. ಅದರಲ್ಲಿ ಆ ಸೋಮವಾರ ನಡೆದುಹೋದ ಯಾರದೇ ಹೆಸರಿಲ್ಲ. ಕಣ್ಣಾರೆ ಕಂಡ ವಿವರ ಬೇಕಿದ್ದರೆ ಪ್ರೊನಿಚೆವಾಳ ಸಾಕ್ಷ್ಯ ಓದಬೇಕು, ಇಲ್ಲವೇ ಕುಜ್ನೆತ್ಸೊವ್ ಬರೆದ ಪುಸ್ತಕ. ಆದರೆ ಕವಿತೆ ಒಂದು ಮುಚ್ಚಿದ ಬಾಗಿಲು ತೆರೆಯಿತು. 1966ರ ಸೆಪ್ಟೆಂಬರ್ 29ರಂದು, ಹತ್ಯೆಯ 25ನೇ ವರ್ಷಕ್ಕೆ, ಯಾರ ಅಪ್ಪಣೆಯೂ ಇಲ್ಲದೆ ಜನ ಕಮರಿಯಲ್ಲಿ ಸೇರಿದರು. ನೆಕ್ರಾಸೊವ್ ಮಾತಾಡಿದ, ಉಕ್ರೇನಿನ ವಿಮರ್ಶಕ ಇವಾನ್ ಜ್ಯೂಬಾ ಮಾತಾಡಿದ. 1976ರಲ್ಲಿ ಸರ್ಕಾರ ಕೊನೆಗೂ ಒಂದು ದೊಡ್ಡ ಸ್ಮಾರಕ ಕಟ್ಟಿತು, ಅದರಲ್ಲಿ ಯಹೂದಿ ಅನ್ನುವ ಪದವಿರಲಿಲ್ಲ. ಯಹೂದಿಗಳ ಏಳು ಕವಲಿನ ದೀಪಸ್ತಂಭ ಅಲ್ಲಿ ನಿಂತದ್ದು 1991ರ ಸೆಪ್ಟೆಂಬರ್ 29ರಂದು, ಸರಿಯಾಗಿ ಐವತ್ತು ವರ್ಷದ ನಂತರ. ಆ ಐವತ್ತರಲ್ಲಿ ಮೂವತ್ತು ವರ್ಷ ಕಲ್ಲಿನ ಕೆಲಸವನ್ನು ಈ ಕವಿತೆ ಮಾಡಿತು.

2022ರ ಮಾರ್ಚ್ 1ರಂದು ರಷ್ಯಾದ ಕ್ಷಿಪಣಿ ಬಾಬಿ ಯಾರ್ ಪಕ್ಕದ ಟಿ.ವಿ. ಟವರಿಗೆ ಬಡಿದು ಐವರು ಸತ್ತರು. ಆ ದಿನ ನಮ್ಮ ಟೆಸ್ಟರ್‌ಗೆ ಮೆಸೇಜು ಹಾಕಿದೆ. ಮೂರು ದಿನದ ಮೇಲೆ ಉತ್ತರ ಬಂತು, ಬದುಕಿದ್ದೇವೆ ಅಂತ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗನ ಬ್ಯಾಗಿನಲ್ಲಿ ಅದೇ ಪುಸ್ತಕ ಕಂಡಿತು. ಅವನೂ ಈಗ ಬಿ.ಇ., ಹಾಸ್ಟೆಲು. "ಮಾವ, ಬಾಕಿದೆಲ್ಲ ಬಿಡಿ, ಅವನ ಶಿಸ್ತು ನೋಡಿ" ಅಂದ. ಬೈಯೋಕೆ ನನಗೆ ಯಾವ ಹಕ್ಕಿದೆ? ಜಗುಲಿ ಮೇಲೆ ಕೂರಿಸಿಕೊಂಡು ಆ ನೋಟೀಸಿನ ವಿಷಯ ಹೇಳಿದೆ. ಬೆಚ್ಚನೆಯ ಬಟ್ಟೆ ತರೋಕೆ ಹೇಳಿದ್ದರು ಅನ್ನುವಲ್ಲಿಗೆ ಬಂದಾಗ ಅವನು ಫೋನು ಕೆಳಗಿಟ್ಟ. ಕೊನೆಗೆ ಆ ಸಂಖ್ಯೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕೊನೇ ಒಂದು ಯಾರಿರಬಹುದು ಮಾವ?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಕವಿತೆಯನ್ನು ಅವನ ಫೋನಿಗೆ ಕಳಿಸಿದೆ.