ಉಳಿದು ಬಂದ ಕೈಗಳು

ದೂರದರ್ಶನದ ಆದಿಕಾಲದಲ್ಲಿ ಅದರ ಚಿತ್ರಗಳು ಮೂಡಿದಂತೆಯೇ ಅಳಿಯುತ್ತಿದ್ದುವು. 1936ರ ನವೆಂಬರ್ 2ರಂದು ಲಂಡನಿನ ಅಲೆಕ್ಸಾಂಡ್ರಾ ಪ್ಯಾಲೆಸಿನಿಂದ ಬಿ.ಬಿ.ಸಿ. ಆರಂಭಿಸಿದ ಪ್ರಸಾರವು ನೋಡಿದವರ ನೆನಪಿಗಷ್ಟೇ ಸೇರಿತು. ಯುದ್ಧಾನಂತರ, ಪರದೆಯೆದುರು ಕ್ಯಾಮೆರಾವನ್ನಿರಿಸಿ ಬಿಂಬವನ್ನು ಫಿಲ್ಮಿಗಿಳಿಸುವ ಕ್ರಮ ಬಂದಿತು. 1956ರಲ್ಲಿ ಅಮೆರಿಕದ ಆಂಪೆಕ್ಸ್ ಸಂಸ್ಥೆಯು ಎರಡಂಗುಲ ಅಗಲದ ಟೇಪನ್ನು ಬಳಸುವ ಯಂತ್ರವನ್ನು ಪ್ರದರ್ಶಿಸಿತು. ವಿಚಿತ್ರವೆಂದರೆ, ಕಾಪಾಡಲು ಬಂದ ಈ ಸಾಧನವೇ ನಾಶಕ್ಕೂ ದಾರಿಯಾಯಿತು. ಟೇಪು ಬಲು ದುಬಾರಿ. ಅಳಿಸಿ ಮತ್ತೆ ಬಳಸಬಹುದು. 1970ರ ದಶಕದ ಕೊನೆಯವರೆಗೂ ಬಿ.ಬಿ.ಸಿ.ಯಲ್ಲಿ ಅಳಿಸುತ್ತಲೇ ಇದ್ದರು. ಲೆಕ್ಕಿಗನ ದೃಷ್ಟಿಗೆ ನಿನ್ನೆಯ ಸಂಗೀತಕ್ಕಿಂತ ನಾಳೆಯ ಬರಿಯ ಟೇಪೇ ಬೆಲೆಯುಳ್ಳದ್ದು!

ಅಂಥ ಕಾಲದಿಂದ ಪಿಯಾನೋ ವಾದಕ ಸಾಲೊಮನ್ನನ ಚಿತ್ರವೊಂದು ಉಳಿದು ಬಂದಿದೆ. 1902ರಲ್ಲಿ ಲಂಡನಿನ ದರ್ಜಿಯೊಬ್ಬನ ಮಗನಾಗಿ ಹುಟ್ಟಿದ ಈತನು ಎಂಟು ವರ್ಷದ ಬಾಲಕನಾಗಿದ್ದಾಗಲೇ ಸಭೆಯಲ್ಲಿ ನುಡಿಸಿದವನು. 1956ರಲ್ಲಿ ಬಿ.ಬಿ.ಸಿ.ಗಾಗಿ ಬೀಥೋವನನ 'ಅಪಾಷನಾಟ' ಸೊನಾಟವನ್ನು ನುಡಿಸಿದನು. ಕೃತಿಯೋ ಬಿರುಗಾಳಿ, ನುಡಿಸುವವನಲ್ಲಿ ಆಡಂಬರದ ಸುಳಿವಿಲ್ಲ. ಗ್ರಾಮಫೋನಿನಿಂದ ನಾದವನ್ನು ಕೇಳಬಹುದು. ಆದರೆ ಅಷ್ಟು ದೊಡ್ಡ ನಾದವು ಎಷ್ಟು ಸಂಯಮದ ಕೈಗಳಿಂದ ಹೊರಟಿತೆಂಬುದನ್ನು ಕಣ್ಣೇ ಕಾಣಬೇಕು.

ಅದೇ ವರುಷ ಸಾಲೊಮನ್ನನಿಗೆ ಪಾರ್ಶ್ವವಾಯು ಬಡಿದು ಬಲಗೈ ನಿಶ್ಚಲವಾಯಿತು. ಬೀಥೋವನನ 32 ಸೊನಾಟಗಳನ್ನೂ ಮುದ್ರಿಸುವ ಆತನ ಕಾರ್ಯವು ಅರ್ಧದಲ್ಲಿಯೇ ನಿಂತಿತು. ದಶಕಗಳ ಮೇಲೆ ಆ ಫಿಲ್ಮು ದಾಸ್ತಾನಿನಿಂದ ಹೊರಬಂದು ಡಿ.ವಿ.ಡಿ. ತಟ್ಟೆಯಾಗಿ ರಸಿಕರ ಮನೆ ಸೇರಿತು. ಸಾಲೊಮನ್ನನು 1988ರವರೆಗೂ ಬದುಕಿದ್ದನು. ವೇದಿಕೆಯೇರಿ ಮತ್ತೆ ನುಡಿಸಲಿಲ್ಲ.