ವಿಟಮಿನ್ ಯು: ಎಲೆಕೋಸು ಮತ್ತು ಜಠರದ ಹುಣ್ಣು

ಹಸಿ ಎಲೆಕೋಸಿನಲ್ಲಿದ್ದು ಜಠರದ ಹುಣ್ಣನ್ನು ಮಾಯಿಸುತ್ತದೆಂದು ನಂಬಲಾದ ಅಂಶಕ್ಕೆ 20ನೇ ಶತಮಾನದ ಮಧ್ಯದಲ್ಲಿ ‘ವಿಟಮಿನ್ ಯು’ ಎಂಬ ಹೆಸರು ಬಂತು. ಈಗ ಇದನ್ನು ವಿಟಮಿನ್ ಎಂದು ಪರಿಗಣಿಸುವುದಿಲ್ಲ.

ಎಲೆಕೋಸಿನ ಔಷಧ ಗುಣಗಳನ್ನು ರೋಮಿನ ಕೇಟೊ ಕ್ರಿ.ಪೂ. 2ನೇ ಶತಮಾನದಲ್ಲೇ ತನ್ನ ಕೃಷಿಗ್ರಂಥದಲ್ಲಿ ಕೊಂಡಾಡಿದ್ದ. ಅದನ್ನು ಪ್ರಯೋಗಕ್ಕೆ ಒಡ್ಡಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯ ಗಾರ್ನೆಟ್ ಚೀನಿ. ಹಿಸ್ಟಮಿನ್ ಕೊಟ್ಟು ಗಿನಿಯಿಲಿಗಳಲ್ಲಿ ಹುಣ್ಣು ಬರಿಸಿ, ಹಸಿ ಸೊಪ್ಪು-ತರಕಾರಿಗಳು ಅದನ್ನು ತಡೆಯುತ್ತವೆಯೇ ಎಂದು ಅವರು ಪರೀಕ್ಷಿಸಿದರು. ಬೇಯಿಸಿದರೆ ಆ ಗುಣ ಉಳಿಯದೆಂದು ಕಂಡು, ರೋಗಿಗಳಿಗೆ ದಿನಕ್ಕೆ ಸುಮಾರು ಒಂದು ಲೀಟರ್ ಎಲೆಕೋಸಿನ ಹಸಿ ರಸವನ್ನೇ ಕುಡಿಸಿದರು. 1949ರ ವರದಿಯಲ್ಲಿದ್ದವರು 13 ಮಂದಿ. ಸಣ್ಣ ಕರುಳಿನ ಮೊದಲ ಭಾಗದ ಹುಣ್ಣು ಸರಾಸರಿ 10.4 ದಿನಗಳಲ್ಲಿ, ಜಠರದ್ದು 7.3 ದಿನಗಳಲ್ಲಿ ಮಾಯಿತು. ರೂಢಿಯ ಚಿಕಿತ್ಸೆಗೆ ಅವರು ಕೊಟ್ಟ ಲೆಕ್ಕ 37 ಮತ್ತು 42 ದಿನ. ಆದರೆ ಆ ಲೆಕ್ಕ ಹಳೆಯ ವರದಿಗಳಿಂದ ಎತ್ತಿಕೊಂಡದ್ದು. ರಸ ಕುಡಿಯದ ರೋಗಿಗಳನ್ನು ಜೊತೆಯಲ್ಲೇ ಇಟ್ಟುಕೊಂಡು ಹೋಲಿಸಿರಲಿಲ್ಲ. ಹುಣ್ಣು ತಾನಾಗಿಯೂ ಮಾಯುವ ರೋಗವಾದ್ದರಿಂದ ಇದು ದೊಡ್ಡ ಕೊರತೆಯೇ. 1954ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಪೈಗಟ್ ಹೋಲಿಕೆಯ ಗುಂಪನ್ನಿಟ್ಟು ನೋಡಿದಾಗ ಎಲೆಕೋಸಿನ ರಸದಿಂದ ಜಠರದ ಹುಣ್ಣಿಗೆ ಲಾಭ ಕಾಣಲಿಲ್ಲ.

ಆದರೂ ನಂಬಿಕೆ ಕರಗಲಿಲ್ಲ. ಎಲೆಕೋಸಿನ ಎಸ್-ಮೀಥೈಲ್ ಮೆಥಿಯೊನಿನ್ ಎಂಬ ಗಂಧಕಯುಕ್ತ ಸಂಯುಕ್ತವೇ ವಿಟಮಿನ್ ಯು ಎಂದು ಗುರುತಿಸಲಾಯಿತು. ಜಪಾನಿನ ಕೋವಾ ಕಂಪನಿ 1960ರಲ್ಲಿ ಅದನ್ನು ‘ಕ್ಯಾಬೇಜಿನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

1982ರಲ್ಲಿ ಆಸ್ಟ್ರೇಲಿಯದ ಪರ್ತ್‌ನಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಹೆಲಿಕೋಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾವನ್ನು ಕಂಡುಹಿಡಿದಾಗ ಪ್ರಶ್ನೆಯೇ ಬದಲಾಯಿತು. ಬಹುಪಾಲು ಹುಣ್ಣುಗಳ ಹಿಂದೆ ಸೋಂಕಿದೆ ಎಂದಾದ ಮೇಲೆ ಆ್ಯಂಟಿಬಯಾಟಿಕ್ ಮತ್ತು ಆಮ್ಲ ತಗ್ಗಿಸುವ ಔಷಧಗಳ ಜೋಡಿ ಮುಖ್ಯ ಚಿಕಿತ್ಸೆಯಾಯಿತು. ಇಬ್ಬರಿಗೂ 2005ರಲ್ಲಿ ನೊಬೆಲ್ ಸಂದಿತು.

ಸೊಪ್ಪು-ತರಕಾರಿಗಳು ಮತ್ತೆ ಸಂಶೋಧಕರ ಕಣ್ಣಿಗೆ ಬಿದ್ದದ್ದು ಈ ಹೊಸ ದಾರಿಯಲ್ಲೇ. ಎಲೆಕೋಸಿನ ಬಂಧುವಾದ ಬ್ರಾಕೊಲಿಯನ್ನು ಅಗಿದಾಗ ಅದರ ಕಿಣ್ವವೊಂದು ಸಲ್ಫೊರಾಫೇನ್ ಎಂಬ ಸಂಯುಕ್ತವನ್ನು ಹುಟ್ಟಿಸುತ್ತದೆ. ಆ್ಯಂಟಿಬಯಾಟಿಕ್‌ಗೆ ಬಗ್ಗದ ಪೈಲೊರಿ ತಳಿಗಳನ್ನೂ ಇದು ಪ್ರಯೋಗಾಲಯದಲ್ಲಿ ಕೊಲ್ಲುತ್ತದೆಂದು ಜಾನ್ಸ್ ಹಾಪ್ಕಿನ್ಸ್‌ನ ಜೆಡ್ ಫೇಹಿ, ಪಾಲ್ ತಲಾಲೆ ಮೊದಲಾದವರು 2002ರಲ್ಲಿ ತೋರಿಸಿದರು. ಮನುಷ್ಯರ ಹೊಟ್ಟೆಯಲ್ಲಿ ಫಲ ಅಷ್ಟು ದೊಡ್ಡದಲ್ಲ. 2009ರ ಜಪಾನಿನ ಅಧ್ಯಯನದಲ್ಲಿ ಸೋಂಕಿತರು ಎಂಟು ವಾರ ದಿನಕ್ಕೆ 70 ಗ್ರಾಂ ಬ್ರಾಕೊಲಿ ಮೊಳಕೆ ತಿಂದಾಗ ಸೋಂಕಿನ ಗುರುತುಗಳು ಇಳಿದವು. ನಿಲ್ಲಿಸಿದ ಎರಡು ತಿಂಗಳಲ್ಲಿ ಮೊದಲಿನ ಮಟ್ಟಕ್ಕೇ ಮರಳಿದವು.